ಗಾಡಿ ಗ್ಯಾರೇಜಿನಲ್ಲಿದ್ದ ಇಪ್ಪತ್ತಾರು ದಿನ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಡೆ ಕತ್ತಲಾದ ಮೇಲೆ ಕಾರು ಹೊರಗೆ ತೆಗೆಯಲು ಜನ ಹಿಂದೆಮುಂದೆ ನೋಡುತ್ತಾರೆ. ಮೇಲವಂಕಿಯಿಂದ ಗೋಕಾಕದ ಕಡೆ ಹೊರಡಿ, ಮೂಡಲಗಿಯ ಕಡೆ ಹೊರಡಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು ಸಿಕ್ಕೇ ಸಿಗುತ್ತದೆ. ಹಿಂದಿನ ಟ್ರೇಲರಿಗೆ ಕೆಂಪು ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಇಳಿಬಿದ್ದ ರವದಿ ಅದನ್ನು ಮುಚ್ಚಿರುತ್ತದೆ. ಅಂಥದೊಂದು ಟ್ರ್ಯಾಕ್ಟರು ಸಿಗ್ನಲ್ಲಿಲ್ಲದೆ ಹೊಲದ ದಾರಿಗೆ ಹೊರಳಿದಾಗ ನಮ್ಮ ಕಾಕಾನ ಕಾರಿನ ಎಡಮಗ್ಗುಲು ಪೂರ್ತಿ ನುಗ್ಗಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾರನ್ನು ಬೆಳಗಾವಿಗೆ ಎಳೆದುಕೊಂಡು ಹೋದರು. ಬಾಗಿಲು ಬರಬೇಕು, ಸೆನ್ಸರ್ ಬರಬೇಕು, ಸರ್ವೇಯರ್ ಬರಬೇಕು ಅನ್ನುತ್ತ ಇಪ್ಪತ್ತಾರು ದಿನ ಅದು ಅಲ್ಲೇ ಉಳಿಯಿತು.

ಆ ಇಪ್ಪತ್ತಾರು ದಿನದಲ್ಲಿ ಕಾಕುವನ್ನು ವಾರಕ್ಕೊಮ್ಮೆ ಮಿರಜಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಒಂದು ಸಲಕ್ಕೆ 3,500 ರೂಪಾಯಿಯಂತೆ ನಾಲ್ಕು ಸಲ ಬಾಡಿಗೆ ಗಾಡಿ. ಬ್ಯಾಂಕು, ಮಾರ್ಕೆಟ್ಟು, ಗ್ಯಾರೇಜಿಗೇ ಹೋಗಿ ವಿಚಾರಿಸಿಕೊಂಡು ಬಂದದ್ದು ಎಲ್ಲ ಸೇರಿ ಇನ್ನೊಂದು 7,400. ಒಟ್ಟು 21,400 ರೂಪಾಯಿ. ರಿಪೇರಿ ಬಿಲ್ಲಿನ ಜೊತೆ ಇದನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟಾಗ ವಿಮಾ ಕಚೇರಿಯ ಹುಡುಗ ನಕ್ಕುಬಿಟ್ಟ. "ಕಾಕಾರ, ಗಾಡಿ ರಿಪೇರಿ ರೊಕ್ಕಾ ಅಷ್ಟ ಬರತೈತ್ರಿ. ಬಾಡಗಿ ರೊಕ್ಕಾ ಬರಂಗಿಲ್ರಿ."

"ಯಾಕ್ ಬರಂಗಿಲ್ಲ? ತಪ್ಪು ನಂದಲ್ಲಲಾ?" ಎಂದು ಕಾಕಾ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಹುಡುಗನ ಉತ್ತರವೂ ಸುಳ್ಳಲ್ಲ. ಇಬ್ಬರೂ ಸರಿ ಇರುವುದು ಹೇಗೆ ಎಂದು ತಿಳಿಯಲು ನಾನು ಸ್ವಲ್ಪ ಕಾಗದ ತಿರುವಿಹಾಕಿದೆ. ಆ ತಿರುವಿದ್ದರ ಸಾರ ಇಲ್ಲಿದೆ.

ನಮ್ಮ ಕಾರು ವಿಮೆಯ ಮೂಲ ಒಕ್ಕಣೆ ಬಂದದ್ದು 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ. 2007ರ ಜನವರಿಯಿಂದ ಸ್ವಂತ ಗಾಡಿಯ ಹಾನಿಗೆ ಎಷ್ಟು ಪ್ರೀಮಿಯಂ ಹಾಕಬೇಕೆಂಬುದನ್ನು ಕಂಪನಿಗಳೇ ನಿರ್ಧರಿಸುವಂತಾಯಿತು, ಆದರೆ ಒಕ್ಕಣೆ ಹೆಚ್ಚುಕಡಿಮೆ ಅದೇ ಉಳಿದಿದೆ. ಅದರಲ್ಲಿ ಕಂಪನಿ ಯಾವುದಕ್ಕೆ ಹೊಣೆಯಲ್ಲ ಎಂದು ಹೇಳುವ ಭಾಗದ ಮೊದಲ ಸಾಲಿನಲ್ಲೇ ಪರಿಣಾಮಜನ್ಯ ನಷ್ಟ ಎಂಬ ಮಾತಿದೆ. ಗಾಡಿಗೆ ಬಿದ್ದ ಪೆಟ್ಟು ನಷ್ಟ. ಗಾಡಿ ಇಲ್ಲದ್ದರಿಂದ ನಿಮಗೆ ಬಿದ್ದ ಪೆಟ್ಟು ಪರಿಣಾಮಜನ್ಯ ನಷ್ಟ. ಮೊದಲನೆಯದು ಕಂಪನಿಯದು, ಎರಡನೆಯದು ನಿಮ್ಮದು. ಸವಕಳಿ, ಮಾಮೂಲಿ ತೇಯುವಿಕೆ, ತಾನಾಗಿ ಕೆಟ್ಟ ಯಂತ್ರ, ಇವೂ ಅದೇ ಸಾಲಿನಲ್ಲಿ ಕೂತಿವೆ. ಬಾಡಿಗೆ ಗಾಡಿಯ ಖರ್ಚನ್ನು ವಿಮೆಯ ಕಣ್ಣು ಟೈರಿನ ಸವೆತದ ಪಕ್ಕದಲ್ಲಿ ಇಟ್ಟು ನೋಡುತ್ತದೆ ಎಂದಾಯಿತು.

ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆದು ತರುವ ಖರ್ಚನ್ನು ಮಾತ್ರ ಈ ಪಾಲಿಸಿ ಒಪ್ಪುತ್ತದೆ. ಖಾಸಗಿ ಕಾರಿಗೆ ಅದರ ಮಿತಿ 1,500 ರೂಪಾಯಿ. ಗೋಕಾಕದಿಂದ ಬೆಳಗಾವಿ ಅರವತ್ತು–ಎಪ್ಪತ್ತು ಕಿಲೋಮೀಟರು. ಈಗಿನ ಕಾಲದಲ್ಲಿ ಆ ದುಡ್ಡಿಗೆ ಕ್ರೇನು ಎಷ್ಟು ದೂರ ಎಳೆದೀತು ಎಂಬುದನ್ನು ಕ್ರೇನಿನವರನ್ನೇ ಕೇಳಬೇಕು. ರಿಪೇರಿ ದುಡ್ಡಾದರೂ ಪೂರ್ತಿ ಬರುತ್ತದೆಯೇ ಅಂದರೆ ಅದೂ ಇಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ, ಐದು ವರ್ಷ ದಾಟಿದ ಗಾಡಿಗೆ ಅದು ಶೇ. 40. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಮ್ಮದೇ. ಇದೆಲ್ಲ ಬೇಡವೆನ್ನುವವರು ಬಂಪರ್ ಟು ಬಂಪರ್ ಎಂದು ಜನ ಕರೆಯುವ ಸವಕಳಿರಹಿತ ರಕ್ಷಣೆ ಕೊಳ್ಳುತ್ತಾರೆ. ಅದನ್ನು ಕೊಂಡವರು ಎಲ್ಲವೂ ಕವರ್ ಆಯಿತೆಂದು ನಂಬಿರುತ್ತಾರೆ. ಬಾಡಿಗೆ ಗಾಡಿಗೂ ಬಂಪರಿಗೂ ಸಂಬಂಧವಿಲ್ಲ.

ಈ ನಂಬಿಕೆಗಳ ರಾಜ ಅಂದರೆ 'ಫುಲ್ ಇನ್ಶೂರನ್ಸ್' ಎಂಬ ಪದ. 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಶೋರೂಮಿನಲ್ಲಿ ಕಾರು ಕೊಂಡವರು ಮೂರು ವರ್ಷದ ಕಾಗದ ಕೈಗೆ ಬಂದಾಗ ಮೂರು ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಎಷ್ಟೋ ಪಾಲಿಸಿಗಳಲ್ಲಿ ಸ್ವಂತ ಗಾಡಿಯ ಹಾನಿಗೆ ರಕ್ಷಣೆ ಇರುವುದು ಮೊದಲ ವರ್ಷಕ್ಕಷ್ಟೇ. ಎರಡನೇ ವರ್ಷ ಅದನ್ನು ಬೇರೆಯಾಗಿ ನವೀಕರಿಸದಿದ್ದರೆ ಉಳಿಯುವುದು ಎದುರಿನವರಿಗೆ ನಾವು ಮಾಡಿದ ಹಾನಿಯ ರಕ್ಷಣೆ ಮಾತ್ರ. ಅಂಥವರಿಗೆ ಬಾಡಿಗೆಯ ಪ್ರಶ್ನೆ ಹುಟ್ಟುವ ಮೊದಲೇ ರಿಪೇರಿಯ ಪ್ರಶ್ನೆ ಕುತ್ತಿಗೆಗೆ ಬರುತ್ತದೆ.

ಹಾಗಾದರೆ ಬಾಡಿಗೆ ದುಡ್ಡು ಕೊಡುವ ವಿಮೆ ನಮ್ಮಲ್ಲಿ ಇಲ್ಲವೇ ಇಲ್ಲವೇ? ಇದೆ. ದಿನಭತ್ಯೆ ಎಂದೋ, ಗಾಡಿ ಬಳಕೆ ತಪ್ಪಿದ್ದಕ್ಕೆ ಪರಿಹಾರ ಎಂದೋ ಹೆಸರಿಟ್ಟು ಹಲವು ಕಂಪನಿಗಳು ಹೆಚ್ಚುವರಿ ರಕ್ಷಣೆಯಾಗಿ ಮಾರುತ್ತವೆ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ, ಹೊಲಿಗೆ ಮಾತ್ರ ಒಂದೇ. ದಿನಕ್ಕೆ ಇಂತಿಷ್ಟು ಎಂಬ ನಿಗದಿ ಮೊತ್ತ, ಮೊದಲ ಕೆಲವು ದಿನ ಲೆಕ್ಕಕ್ಕಿಲ್ಲ, ಕೊನೆಗೆ ಹತ್ತೋ ಹದಿನೈದೋ ದಿನಕ್ಕೆ ಬೇಲಿ. ಸ್ವಂತ ಹಾನಿಯ ಕ್ಲೇಮನ್ನು ಕಂಪನಿ ಒಪ್ಪಿದ್ದರೆ ಮಾತ್ರ ಇದು ಸಿಗುತ್ತದೆ. ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿನಲ್ಲೇ ರಿಪೇರಿ ಆಗಬೇಕೆಂಬ ಷರತ್ತೂ ಕೆಲವಕ್ಕಿದೆ. ನಮ್ಮ ಕಾಕಾ ದಿನಕ್ಕೆ 1,000 ರೂಪಾಯಿಯ, ಮೂರು ದಿನ ಬಿಟ್ಟು ಹತ್ತು ದಿನದ ಮಿತಿಯ ಇಂಥದೊಂದನ್ನು ಕೊಂಡಿದ್ದರೆ ಇಪ್ಪತ್ತಾರು ದಿನಕ್ಕೆ 10,000 ಬರುತ್ತಿತ್ತು. ಖರ್ಚಿನ ಅರ್ಧಕ್ಕೂ ಕಡಿಮೆ. ಆದರೂ ಇದರಲ್ಲಿ ಒಂದು ಒಳ್ಳೆಯ ಗುಣವಿದೆ: ಮೊತ್ತ ನಿಗದಿಯಾಗಿರುವ ಪಾಲಿಸಿಗಳಲ್ಲಿ ನೀವು ಬಾಡಿಗೆ ಗಾಡಿ ಹಿಡಿದಿರೋ, ಬಸ್ಸಿನಲ್ಲಿ ನಿಂತುಕೊಂಡೇ ಹೋದಿರೋ ಎಂದು ಕೇಳುವುದಿಲ್ಲ. ದಿನ ಎಣಿಸುತ್ತಾರೆ, ದುಡ್ಡು ಕೊಡುತ್ತಾರೆ. ಹಳ್ಳಿಯ ಗಿರಾಕಿಗೆ ಇದು ಸಣ್ಣ ಅನುಕೂಲವಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಇಷ್ಟೂ ನಮ್ಮ ಕಂಪನಿಯ ಮಾತು. ಕಾಕಾ ಕೇಳಿದ್ದು ಬೇರೆ: ತಪ್ಪು ಟ್ರ್ಯಾಕ್ಟರಿನವನದು, ಅವನಿಂದ ಯಾಕೆ ಬರುವುದಿಲ್ಲ? ಕಾನೂನು ಈ ಬಾಗಿಲನ್ನು ಮುಚ್ಚಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 165ನೇ ಕಲಮು ಸಾವು–ಗಾಯಕ್ಕೆ ಮಾತ್ರವಲ್ಲ, ಮೂರನೆಯವರ ಆಸ್ತಿಗಾದ ಹಾನಿಗೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಧಿಕಾರ ಕೊಟ್ಟಿದೆ. ಆಸ್ತಿಯ ಮಾಲೀಕನೇ ಅರ್ಜಿ ಹಾಕಬಹುದು. ಅಪಘಾತ ಕೊಲ್ಲಾಪುರದ ಹತ್ತಿರವೇ ಆಗಿರಲಿ, ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು ಎನ್ನುತ್ತದೆ 166ನೇ ಕಲಮು. ಮಹಾರಾಷ್ಟ್ರದ ಗಡಿಯ ಆಚೆ–ಈಚೆ ದಿನವೂ ಓಡಾಡುವ ನಮ್ಮ ಕಡೆಯವರಿಗೆ ಇದು ತಿಳಿದಿರಬೇಕಾದ ಮಾತು. ಸಂಕೇಶ್ವರ, ಯಮಕನಮರಡಿ ದಾಟಿ ಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಎದುರಿನ ಗಾಡಿ ಯಾವ ರಾಜ್ಯದ್ದೋ ಆಗಿರುತ್ತದೆ. ಹಾಗೆಂದು ಆ ರಾಜ್ಯಕ್ಕೆ ಅಲೆಯಬೇಕಿಲ್ಲ.

ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗಾದ ನಷ್ಟವನ್ನು ದುಡ್ಡಿನಿಂದ ಆಗುವಷ್ಟು ಮೊದಲಿನ ಸ್ಥಿತಿಗೆ ತರಬೇಕು ಎಂಬುದು ಹಾನಿ ಪರಿಹಾರದ ಹಳೆಯ ತತ್ವ. ಅದರ ಪ್ರಕಾರ ಗಾಡಿಯ ರಿಪೇರಿಯಷ್ಟೇ ಅಲ್ಲ, ಗಾಡಿಯಿಲ್ಲದ ದಿನಗಳ ನ್ಯಾಯವಾದ ಖರ್ಚನ್ನೂ ಕೇಳಬಹುದು. ಪಾಲಿಸಿಯ ಪರಿಣಾಮಜನ್ಯ ನಷ್ಟದ ಬೇಲಿ ನಮ್ಮ ಮತ್ತು ನಮ್ಮ ಕಂಪನಿಯ ನಡುವಿನ ಒಪ್ಪಂದ. ತಪ್ಪು ಮಾಡಿದವನಿಗೆ ಅದು ಆಸರೆಯಾಗುವುದಿಲ್ಲ.

ಆದರೆ ಬಾಗಿಲು ತೆರೆದಿದೆ ಅಂದಮಾತ್ರಕ್ಕೆ ದಾರಿ ಸಲೀಸಿಲ್ಲ. ಎದುರಿನ ಗಾಡಿಯ ಪಾಲಿಸಿಯಲ್ಲಿ ಮೂರನೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ, ಬೈಕಿಗಾದರೆ 1 ಲಕ್ಷ. ಅಷ್ಟಿಷ್ಟು ಪ್ರೀಮಿಯಂ ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡವರೂ ಇದ್ದಾರೆ. ಆಗ ಮಿಕ್ಕಿದ್ದನ್ನು ಮಾಲೀಕನ ಕಿಸೆಯಿಂದಲೇ ಕಕ್ಕಿಸಬೇಕು. ಕಬ್ಬಿನ ಟ್ರ್ಯಾಕ್ಟರಾದರೆ ಇನ್ನೂ ಗೋಜಲು. ಟ್ರೇಲರು ಕಾನೂನಿನ ಕಣ್ಣಿನಲ್ಲಿ ಬೇರೆ ವಾಹನ, ಅದಕ್ಕೆ ಬೇರೆ ನೋಂದಣಿ ಬೇಕು, ವಿಮೆಯಲ್ಲಿ ಅದರ ಹೆಸರು ಬೇರೆಯಾಗಿ ಇರಬೇಕು. ಬಡಿದದ್ದು ಇಂಜಿನ್ನಲ್ಲ, ಎರಡನೇ ಟ್ರೇಲರು ಎಂದಾಗ ಕಂಪನಿಯ ವಕೀಲರ ಮುಖ ಅರಳುತ್ತದೆ. ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರು ಬಾಡಿಗೆಗೆ ಕಬ್ಬು ಸಾಗಿಸುತ್ತಿತ್ತು ಎಂಬುದು ಅವರ ಎರಡನೇ ಬಾಣ. ಬಳಕೆ ತಪ್ಪಿದ್ದು 'ಆಸ್ತಿ ಹಾನಿ' ಹೇಗಾಗುತ್ತದೆ ಎಂಬುದು ಮೂರನೆಯದು. ಇದಕ್ಕೆಲ್ಲ ಉತ್ತರವಿದೆ, ಆದರೆ 21,400 ರೂಪಾಯಿಗಾಗಿ ಉತ್ತರ ಕೊಡುತ್ತ ಗೋಕಾಕದ ಕೋರ್ಟಿಗೆ ತಿಂಗಳಿಗೊಮ್ಮೆ ಹೋಗುವವರು ಯಾರು? ಅಲ್ಲಿ ಸೋತರೆ ಇಷ್ಟು ಸಣ್ಣ ಮೊತ್ತಕ್ಕೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹೋಗಲೂ ಬರುವುದಿಲ್ಲ.

ಗಡುವಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಪರಿಹಾರ ಅರ್ಜಿಗಳ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಾದಾಗ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಮರಳಿ ಬಂತು. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಆದರೂ ಆರು ತಿಂಗಳೊಳಗೇ ಹಾಕುವುದು ಜಾಣತನ.

ನಿಜ ಹೇಳಬೇಕೆಂದರೆ ನಮ್ಮ ಕಡೆಯ ಬಹುಪಾಲು ಪ್ರಕರಣ ಅಲ್ಲಿಯ ತನಕ ಹೋಗುವುದೇ ಇಲ್ಲ. ಯಾರಿಗೂ ಗಾಯವಾಗಿಲ್ಲವೆಂದರೆ ರಸ್ತೆಯ ಮೇಲೇ ರಾಜಿ. ಟ್ರ್ಯಾಕ್ಟರಿನವ ಪಕ್ಕದ ಊರಿನವ, ಅವನ ಅಣ್ಣ ನಮ್ಮ ಸೊಸೈಟಿಯ ಸದಸ್ಯ, ಹಿರಿಯರು ಚಹಾ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದು ಮೊತ್ತ ಹೇಳಿ ಮುಗಿಸುತ್ತಾರೆ. ನಾನು ಈ ಪದ್ಧತಿಯನ್ನು ಹೀಗಳೆಯುವವನಲ್ಲ. ಕೋರ್ಟು ವರ್ಷಗಟ್ಟಲೆ ತೆಗೆದುಕೊಳ್ಳುವುದನ್ನು ಅದು ಅರ್ಧ ತಾಸಿನಲ್ಲಿ ಮುಗಿಸುತ್ತದೆ. ಆದರೆ ಆ ಅರ್ಧ ತಾಸಿನಲ್ಲಿ ಎಲ್ಲರೂ ನೋಡುವುದು ನುಗ್ಗಾದ ಬಾಗಿಲನ್ನು. ಮುಂದಿನ ಇಪ್ಪತ್ತಾರು ದಿನ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಎಫ್‌ಐಆರ್ ಇಲ್ಲ, ಪಂಚನಾಮೆ ಇಲ್ಲ. ಆಮೇಲೆ ತಪ್ಪು ಯಾರದೆಂದು ತೋರಿಸುವ ಕಾಗದವೂ ಇಲ್ಲ. ವಿಮಾ ಕಂಪನಿಗಳಾದರೂ ಪರಸ್ಪರ ಜಗಳವಾಡುತ್ತವೆಯೇ? ಅವುಗಳ ನಡುವೆ ಹಳೆಯ ಒಡಂಬಡಿಕೆಯೊಂದಿದೆ. ನಿನ್ನ ಗಿರಾಕಿಯ ಗಾಡಿ ನೀನು ರಿಪೇರಿ ಮಾಡಿಸು, ನನ್ನ ಗಿರಾಕಿಯದು ನಾನು ಮಾಡಿಸುತ್ತೇನೆ, ತಪ್ಪು ಯಾರದೆಂದು ಕೆದಕುವುದು ಬೇಡ. ಕಂಪನಿಗಳಿಗೆ ಇದು ಖರ್ಚು ಉಳಿಸುವ ಜಾಣ ರಾಜಿ. ಪಾಲಿಸಿಯ ಹೊರಗೆ ಉಳಿದ ಸವಕಳಿ, ಮೊದಲ ಸಾವಿರ, ಬಾಡಿಗೆ, ಇವುಗಳ ಪರವಾಗಿ ಮಾತಾಡಲು ಆ ರಾಜಿಯಲ್ಲಿ ಯಾರೂ ಕೂತಿರುವುದಿಲ್ಲ.

ಹೊರದೇಶಗಳಲ್ಲಿ ಇದೇ ಪ್ರಶ್ನೆ ಎಷ್ಟು ದೂರ ಹೋಗಿದೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಕಥೆ ಶುರುವಾಗುವುದು ಕಾರಿನಿಂದಲ್ಲ, ಹೂಳೆತ್ತುವ ಹಡಗಿನಿಂದ. 1928ರಲ್ಲಿ ಗ್ರೀಸಿನ ಪತ್ರಾಸ್ ಬಂದರಿನಲ್ಲಿ ಲೀಸ್‌ಬಾಷ್ ಎಂಬ ಹಡಗು ಎಡಿಸನ್ ಎಂಬ ಇನ್ನೊಂದು ಹಡಗಿನ ತಪ್ಪಿನಿಂದ ಮುಳುಗಿತು. ಮಾಲೀಕರು ಬಂದರಿನ ಗುತ್ತಿಗೆ ಹಿಡಿದಿದ್ದರು. ಬೇರೆ ಹಡಗು ಕೊಳ್ಳಲು ದುಡ್ಡಿಲ್ಲದೆ ದುಬಾರಿ ಬಾಡಿಗೆಗೆ ಒಂದನ್ನು ತಂದರು. 1933ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ದುಡ್ಡಿಲ್ಲದ್ದು ನಿಮ್ಮ ಸಮಸ್ಯೆ, ಅದರಿಂದಾದ ಹೆಚ್ಚಿನ ಖರ್ಚನ್ನು ತಪ್ಪಿತಸ್ಥನ ತಲೆಗೆ ಕಟ್ಟುವಂತಿಲ್ಲ. ಬಡತನವನ್ನು ಬಡವನ ತಪ್ಪಿನಂತೆ ಎಣಿಸಿದ ಈ ತೀರ್ಪು ಎಪ್ಪತ್ತು ವರ್ಷ ನಿಂತಿತು. 2003ರಲ್ಲಿ ಲ್ಯಾಗ್ಡನ್ ಎಂಬವರ ಮೊಕದ್ದಮೆ ಅದನ್ನು ಬದಿಗೆ ಸರಿಸಿತು. ಕೆಲಸವಿಲ್ಲದ, ಆರೋಗ್ಯವೂ ಸರಿಯಿಲ್ಲದ ಮನುಷ್ಯ. ನಿಲ್ಲಿಸಿದ್ದ ಅವರ ಹತ್ತು ವರ್ಷದ ಹಳೆಯ ಕಾರಿಗೆ ಇನ್ನೊಬ್ಬರು ಬಂದು ಗುದ್ದಿದರು. ಬಾಡಿಗೆ ಮೊದಲೇ ಕೊಡಲು ಕೈಯಲ್ಲಿ ಕಾಸಿಲ್ಲ. ಕೇಸು ಮುಗಿದ ಮೇಲೆ ದುಡ್ಡು ಕೊಡಿ ಎನ್ನುವ ಉದ್ದರಿ ಬಾಡಿಗೆ ಕಂಪನಿಯಿಂದ ಕಾರು ತೆಗೆದುಕೊಂಡರು. ಅದು ಮಾಮೂಲಿ ಬಾಡಿಗೆಗಿಂತ ದುಬಾರಿ. ಮೂರು ಎರಡರ ಬಹುಮತದಿಂದ ಲಾರ್ಡ್ಸ್ ಒಪ್ಪಿದರು: ಬೇರೆ ದಾರಿಯಿಲ್ಲದವನಿಗೆ ಆ ದುಬಾರಿ ಬಾಡಿಗೆಯೂ ಪೂರ್ತಿ ಸಿಗಬೇಕು. ಇದರ ಮೇಲೆ ಅಲ್ಲಿ ಒಂದು ದೊಡ್ಡ ವ್ಯಾಪಾರವೇ ಬೆಳೆದು, ವಿಮಾ ಕಂಪನಿಗಳು ಇಂದಿಗೂ ಅದರ ವಿರುದ್ಧ ಗೊಣಗುತ್ತಿವೆ.

ಜರ್ಮನಿಯವರು ಇನ್ನೊಂದು ಹೆಜ್ಜೆ ಮುಂದೆ. ಅಲ್ಲಿನ ಉನ್ನತ ನ್ಯಾಯಾಲಯ 1963ರಲ್ಲೇ ಖಾಸಗಿ ಕಾರಿನ ಬಳಕೆ ತಪ್ಪಿದ್ದೇ ಒಂದು ನಷ್ಟ, ಬಾಡಿಗೆ ಗಾಡಿ ಹಿಡಿಯದಿದ್ದರೂ ದಿನಕ್ಕಿಷ್ಟು ಕೊಡಬೇಕು ಎಂದಿತು. ಕಾರಿನ ವರ್ಗಕ್ಕೆ ತಕ್ಕಂತೆ ದಿನದ ದರದ ಕೋಷ್ಟಕಗಳಿವೆ. ಕಷ್ಟಪಟ್ಟು ಬಸ್ಸಿನಲ್ಲಿ ಓಡಾಡಿ ಖರ್ಚು ಉಳಿಸಿದವನ ಕಷ್ಟದ ಲಾಭ ತಪ್ಪಿತಸ್ಥನಿಗೆ ಯಾಕೆ ಹೋಗಬೇಕು ಎಂಬ ವಾದ ಅದರ ಹಿಂದಿದೆ. ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಯೋಚಿಸಿದರೆ ತುಂಬ ಸರಿ ಅನಿಸುತ್ತದೆ.

ನಮ್ಮಲ್ಲಿ ತೊಡಕು ಕಾನೂನಿನ ಪುಸ್ತಕದಲ್ಲಿ ಅರ್ಧ ಇದ್ದರೆ ಬಾಡಿಗೆ ಗಾಡಿಯಲ್ಲೇ ಇನ್ನರ್ಧ ಇದೆ. ಸ್ವತಃ ಓಡಿಸಿಕೊಂಡು ಹೋಗುವ ಬಾಡಿಗೆ ಕಾರಿಗೆಂದು 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಗಾಡಿಗಳು ಅವೇ. ಆ ಪರವಾನಗಿಗೆ ಕನಿಷ್ಠ 50 ಕಾರು ಬೇಕು. ತಾಲ್ಲೂಕು ಊರಿನಲ್ಲಿ ಯಾರು 50 ಕಾರು ಇಟ್ಟಾರು? ಹಳದಿ ಬೋರ್ಡಿನ ಟ್ಯಾಕ್ಸಿ ಗೋಕಾಕದಲ್ಲಿ ಸಿಗುತ್ತದೆ. ಹಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಬೇಕೆಂದರೆ ಸಿಗುವುದು ಪಕ್ಕದ ಓಣಿಯವರ ಬಿಳಿ ಬೋರ್ಡಿನ ಗಾಡಿ. ಪರವಾನಗಿ ಇಲ್ಲದೆ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಉಲ್ಲಂಘನೆ. ಎಲ್ಲರಿಗೂ ಗೊತ್ತು, ಎಲ್ಲರೂ ಹೋಗುತ್ತಾರೆ. "ಡೀಸೆಲ್ ಹಾಕಸ್ರಿ, ಡ್ರೈವರಗ ಚಹಾದ ರೊಕ್ಕಾ ಕೊಡ್ರಿ" ಎಂದರೆ ಬಾಡಿಗೆ ಎಂಬ ಪದವೂ ಬಾಯಿಗೆ ಬರಬೇಕಿಲ್ಲ. ಆದರೆ ಹೇಳಲಾಗದ ಬಾಡಿಗೆಗೆ ರಸೀದಿ ಎಲ್ಲಿಂದ ಬರಬೇಕು?

ಆ ಬಿಳಿ ಬೋರ್ಡಿನ ಗಾಡಿಯೇ ದಾರಿಯಲ್ಲಿ ಗುದ್ದಿಕೊಂಡರೆ ಅದರ ಮಾಲೀಕನ ಪಾಡು ಇನ್ನೊಂದು. ಬಾಡಿಗೆಗೆ ಓಡಿಸಿದಿರಿ, ಷರತ್ತು ಮುರಿದಿರಿ ಎಂದು ಕಂಪನಿ ಕ್ಲೇಮನ್ನು ತಿರಸ್ಕರಿಸುತ್ತದೆ. ಅಮಲೇಂದು ಸಾಹು ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇಂಥ ಸಂದರ್ಭದಲ್ಲಿ ಕ್ಲೇಮನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ, ಒಪ್ಪಬಹುದಾದ ಮೊತ್ತದ ಶೇ. 75ರವರೆಗೆ ಕೊಡುವ ರೂಢಿ ಇದೆ ಎಂಬ ದಾರಿ ಹಿಡಿಯಿತು. ಪಕ್ಕದ ಓಣಿಯವರಿಗೆ ಇದು ಸಮಾಧಾನ. ಬಾಡಿಗೆ ಕೊಟ್ಟವರ ರಸೀದಿಯ ಪ್ರಶ್ನೆ ಹಾಗೇ ಉಳಿಯುತ್ತದೆ.

2019ರ ಆಗಸ್ಟಿನ ನೆರೆಯನ್ನೂ ಇಲ್ಲಿ ನೆನೆಯಬೇಕು. ಘಟಪ್ರಭೆ ಏರಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿದಾಗ ಕಾರು, ಬೈಕು, ಟಂಟಂ ಎಲ್ಲ ಒಟ್ಟಿಗೆ ಮುಳುಗಿದವು. ನೆರೆ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ರಕ್ಷಣೆ ಇದೆ. ನೀರು ಹೊಕ್ಕ ಇಂಜಿನ್ನನ್ನು ಚಾಲೂ ಮಾಡಿ ಕೆಡಿಸಿಕೊಂಡರೆ ಮಾತ್ರ ತಂಟೆ, ಇಂಜಿನ್ ರಕ್ಷಣೆಯನ್ನು ಬೇರೆ ಕೊಂಡಿರಬೇಕು. ಗುದ್ದಾಟದಲ್ಲಾದರೆ ಕೇಳಲು ಎದುರಿಗೆ ಒಬ್ಬ ಟ್ರ್ಯಾಕ್ಟರಿನವನಾದರೂ ಇರುತ್ತಾನೆ. ಹೊಳೆಯ ಹತ್ತಿರ ಬಾಡಿಗೆ ಕೇಳುವುದು ಹೇಗೆ? ಅಲ್ಲಿ ಉಳಿಯುವುದು ದಿನಭತ್ಯೆಯ ಆ ಹೆಚ್ಚುವರಿ ರಕ್ಷಣೆ ಒಂದೇ.

ಕಂಪನಿಯೇ ತಡ ಮಾಡಿದ್ದರೆ ಮಾತು ಬೇರೆ. 2024ರ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆಯಂತೆ ಸರ್ವೇಯರ್ ವರದಿ ಬಂದ ಏಳು ದಿನದೊಳಗೆ ಕ್ಲೇಮು ತೀರ್ಮಾನವಾಗಬೇಕು. ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳು ಕಾದ ಮೇಲೆ, ಇಲ್ಲವೇ ಕೊಟ್ಟ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅವರ ತೀರ್ಪಿಗೆ ಕಂಪನಿ ಬದ್ಧ. ಅದು ಬೇಡವೆಂದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ. ಈ ಎರಡೂ ಕಡೆ ಹೋಗುವಾಗ ಒಂದು ಸೂಕ್ಷ್ಮ ಗಮನದಲ್ಲಿರಲಿ. 'ಬಾಡಿಗೆ ಕೊಡಿ' ಎಂದು ಕೇಳಿದರೆ ಪಾಲಿಸಿಯ ಒಕ್ಕಣೆ ತೋರಿಸಿ ಕಳಿಸುತ್ತಾರೆ, ಏಕೆಂದರೆ ಪಾಲಿಸಿಯನ್ನು ಅದರ ಮಾತಿನಂತೆಯೇ ಓದಬೇಕು, ಕೋರ್ಟು ಹೊಸದನ್ನು ಸೇರಿಸುವಂತಿಲ್ಲ ಎಂಬುದು ಸುಪ್ರೀಂ ಕೋರ್ಟು ಮತ್ತೆಮತ್ತೆ ಹೇಳಿದ ಮಾತು. 'ನಿಮ್ಮ ತಡದಿಂದ ನನಗಾದ ನಷ್ಟ ಕೊಡಿ' ಎಂದರೆ ಅದು ಸೇವಾ ನ್ಯೂನತೆ. ಆಗ ಬಾಡಿಗೆಯ ರಸೀದಿ ಹಕ್ಕಾಗುವುದಿಲ್ಲ, ತಡಕ್ಕೆ ಸಾಕ್ಷಿಯಾಗುತ್ತದೆ. ಅದೇ ಕಾಗದ, ಬೇರೆ ಕೆಲಸ.

ಹೀಗೆ ಯಾವ ದಾರಿ ಹಿಡಿದರೂ ಕೊನೆಗೆ ನಿಲ್ಲುವುದು ಒಂದು ಚೀಟಿಯ ಮುಂದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಬಾಡಿಗೆ ದುಡ್ಡು ಕಳೆದುಹೋಗುವುದು ವಿಮಾ ಕಚೇರಿಯ ಟೇಬಲ್ಲಿನ ಮೇಲಲ್ಲ, ಅದಕ್ಕೆ ಮೊದಲೇ, ಗಾಡಿಯಿಂದ ಇಳಿದು ಡ್ರೈವರನ ಕೈಗೆ ನೋಟು ಇಟ್ಟು ಹಾಗೇ ಮನೆಯೊಳಗೆ ಹೋಗುವ ಆ ಗಳಿಗೆಯಲ್ಲಿ. ತಾರೀಖು, ಗಾಡಿಯ ನಂಬರು, ಎಲ್ಲಿಂದ ಎಲ್ಲಿಗೆ, ಯಾತಕ್ಕೆ, ಎಷ್ಟು, ಸಹಿ, ಇಷ್ಟು ಇದ್ದರೆ ನ್ಯಾಯಮಂಡಳಿಯ ಮುಂದೆ ಮಾತು ಶುರುವಾಗುತ್ತದೆ. ಫೋನಿನಿಂದ ದುಡ್ಡು ಹಾಕಿದ್ದರೆ ಇನ್ನೂ ಒಳ್ಳೆಯದು. ಮಿರಜಿನ ಆಸ್ಪತ್ರೆಯ ಅದೇ ದಿನದ ಚೀಟಿ ಜೊತೆಗಿದ್ದರೆ ಯಾವ ವಕೀಲನೂ ಸುಲಭಕ್ಕೆ ಅಲ್ಲಗಳೆಯಲಾರ.

ಇದನ್ನೆಲ್ಲ ಕಾಕಾನಿಗೆ ವಿವರಿಸಿದ ಮೇಲೆ, ಇನ್ನೊಂದು ಸಲ ಬಾಡಿಗೆ ಗಾಡಿಯಲ್ಲಿ ಮಿರಜಿಗೆ ಹೋಗಿ ಬಂದಾಗ, ಆತ ಗಾಡಿಯಿಂದ ಇಳಿಯದೆ ರಸೀದಿ ಬರೆದುಕೊಡು ಎಂದು ಡ್ರೈವರನಿಗೆ ಹೇಳಿದ. ಹುಡುಗ ಡ್ಯಾಶ್‌ಬೋರ್ಡಿನಲ್ಲಿ ಹುಡುಕಿ ಸಕ್ಕರೆ ಕಾರ್ಖಾನೆಯ ಹಳೆಯ ತೂಕದ ಚೀಟಿಯೊಂದನ್ನು ತೆಗೆದು, ಹಿಂಬದಿ ತಿರುಗಿಸಿ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು ಕಾಕಾನ ಮುಖ ನೋಡಿದ.

"ಎಷ್ಟ್ ಬರೀಲಿ ಕಾಕಾರ?"

"ಕೊಟ್ಟಷ್ಟ ಬರಿಯೋ."

ಹುಡುಗ ನಂಬಲಾರದೆ ಇನ್ನೊಮ್ಮೆ ಕೇಳಿದ.